ಏಕಾಂತದ ಕಡಲಮನೆಗೆ ಕೊಟ್ಟ ಮುಂಗಡ ಹಣ ವಾಪಸ್ ಕೊಡುವ ಬಗ್ಗೆ

ಶಿರಸಿ
21-07-2025

ಇವರಿಗೆ,
ವ್ಯವಸ್ಥಾಪಕರು, ಮಾರಾಟ ವಿಭಾಗ

ವಿಷಯ: ಕುಮಟಾ ತಾಲೂಕಿನ ಕಡಲಂಚಿನ ರಜಾ ಮನೆ, ಟೋಕನ್ ಹಣ 2 ಲಕ್ಷ ರೂಪಾಯಿ

ಮಾನ್ಯರೇ,

ಕಳೆದ ಏಪ್ರಿಲ್‌ನಲ್ಲಿ ನಿಮ್ಮ ಜಾಹೀರಾತು ನೋಡಿ ಟೋಕನ್ ಕೊಟ್ಟವನು ನಾನು. “ಅಕ್ಕಪಕ್ಕ ಯಾರೂ ಇಲ್ಲದ ಏಕಾಂತ, ಜಗಲಿಯಿಂದ ಇಳಿದರೆ ಸಮುದ್ರ” ಎಂದು ಬರೆದಿದ್ದಿರಿ. ಘಟ್ಟದ ಮೇಲಿನವರಿಗೆ ಸಮುದ್ರದ ಮರುಳು ಇದ್ದದ್ದೇ. ಅಕ್ಕಪಕ್ಕ ಯಾರೂ ಯಾಕೆ ಮನೆ ಕಟ್ಟಿಲ್ಲ ಎಂದು ಆಗ ಕೇಳಲಿಲ್ಲ, ಅದು ನನ್ನ ತಪ್ಪು. ಗೊತ್ತಿದ್ದೂ ನೀವು ಹೇಳದಿದ್ದದ್ದು ನಿಮ್ಮ ತಪ್ಪು.

ಮೇ ಕೊನೆಯಲ್ಲಿ ಮನೆಯವಳನ್ನು ಕರೆದುಕೊಂಡು ಹೋದಾಗ ಬಾವಿಯ ನೀರು ಬಾಯಿಗಿಡಲಾಗದಷ್ಟು ಉಪ್ಪು. “ಸಿಹಿನೀರಿನ ಬಾವಿ” ಎಂದವರು ನೀವೇ. ಈ ತಿಂಗಳು ಮಳೆಯಲ್ಲಿ ಮತ್ತೆ ಹೋದೆ. ನಿಮ್ಮ ಹುಡುಗ “ಖಾಸಗಿ ರಸ್ತೆ” ಎಂದು ತೋರಿಸಿದ್ದು ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಾಕಿದ ಒಡ್ಡು. ಅದರ ಮೇಲೆ ಮೊಣಕಾಲು ನೀರು. ಕಾರು ಬಿಟ್ಟು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಮೀನುಗಾರರು ಅಂಗಳದ ಮುಂದೆ ದೋಣಿ ಎಳೆದಿಟ್ಟಿದ್ದರು. ಅದು ಅವರ ಜಾಗ, ಅದರಲ್ಲಿ ನನಗೆ ತಕರಾರಿಲ್ಲ. ನಿಮ್ಮ ಫೋಟೊದಲ್ಲಿ ಮಾತ್ರ ಒಂದು ದೋಣಿಯೂ ಇರಲಿಲ್ಲ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತೇನೋ. ಕಾಗದಪತ್ರ ಸಹಿಸುವಂಥದ್ದಲ್ಲ. ನೀವು ಕಳಿಸಿದ ಪಂಚಾಯತಿ ದಾಖಲೆಯಲ್ಲಿರುವುದು 480 ಚದರ ಅಡಿಯ ಹಳೆಯ ಹೆಂಚಿನ ಮನೆ. ಈಗ ಅಲ್ಲಿ ನಿಂತಿರುವುದು ಎರಡಂತಸ್ತಿನ ಟೆರೇಸ್ ಮನೆ. ಸಮುದ್ರ ತೀರದಲ್ಲಿ ಕಟ್ಟಡ ಕಟ್ಟಲು ಬೇಕಾದ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ಅನುಮತಿ ಪತ್ರ ಮೂರು ಸಲ ಕೇಳಿದೆ. “ಸರ್, ಇಲ್ಲೆಲ್ಲ ಹೀಗೇ ಕಟ್ಟಿದ್ದಾರೆ” ಎಂಬ ಉತ್ತರ ಬಂತು.

2011ರ ಸಿ.ಆರ್.ಝಡ್. ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಇಂಥ ಹೊಸ ಮನೆಗೆ ಅವಕಾಶ ಕೊಟ್ಟಿರಲಿಲ್ಲ. ಹಳೆಯ ಮನೆ ದುರಸ್ತಿ ಮಾಡಬಹುದು, ಅಡಿಪಾಯದ ಅಳತೆ ಮೀರುವಂತಿಲ್ಲ. “2019ರ ನಂತರ ಅದು 50 ಮೀಟರ್ ಆಗಿದೆ” ಎಂದು ನಿಮ್ಮವರು ಫೋನಿನಲ್ಲಿ ವಾದಿಸಿದರು. 2019ರ ಹೊಸ ಅಧಿಸೂಚನೆಯ ಆ ವಿನಾಯಿತಿ 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆಗೆ ಮಾತ್ರ. ಉಳಿದಲ್ಲಿ 200 ಮೀಟರೇ. ನೀವು ಮಾರುತ್ತಿರುವುದು ಅಕ್ಕಪಕ್ಕ ಯಾರೂ ಇಲ್ಲದ ಮನೆ! ಎರಡರಲ್ಲಿ ಒಂದು ಮಾತನ್ನಾದರೂ ನೀವು ಬಿಡಬೇಕಾಗುತ್ತದೆ. ಉಬ್ಬರದ ಗೆರೆ ಸರಕಾರಿ ನಕ್ಷೆಯಲ್ಲಿರುತ್ತದೆ, ನನ್ನ ಕಾಲಳತೆಯಲ್ಲಲ್ಲ ಎಂಬುದು ಗೊತ್ತು. ಆದರೆ ಜಗಲಿಯಿಂದ ಅಲೆ ತಂದುಹಾಕಿದ ಕಸದವರೆಗೆ 80 ಹೆಜ್ಜೆ ಕೂಡ ಆಗಲಿಲ್ಲ.

ಟೋಕನ್ ವಾಪಸ್ ಇಲ್ಲ, ಹೊನ್ನಾವರದ ಕಡೆ ಬೇರೆ ಮನೆ ತೋರಿಸುತ್ತೇವೆ ಎಂದಿದ್ದೀರಿ. ಬೇಡ. “ದಾಖಲೆ ಸರಿಯಿಲ್ಲದಿದ್ದರೆ ಪೂರ್ತಿ ಹಣ ಮರಳಿಸಲಾಗುವುದು” ಎಂದು ರಸೀದಿಯ ಹಿಂದೆ ನಿಮ್ಮವರೇ ಕೈಯಾರೆ ಬರೆದು ಸಹಿ ಹಾಕಿದ್ದಾರೆ. ಈ ಪತ್ರ ತಲುಪಿದ 15 ದಿನದೊಳಗೆ 2 ಲಕ್ಷವನ್ನೂ ನಾನು ಹಣ ಕಳಿಸಿದ ಖಾತೆಗೇ ಜಮಾ ಮಾಡಿ. ಇಲ್ಲವಾದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅನುಮತಿಯ ವಿಚಾರವನ್ನು ಅಲ್ಲಿಯ ಪರಿಸರ ಇಲಾಖೆ ಕಚೇರಿಗೂ ಬರೆಯುತ್ತೇನೆ.

ಆ ಜಾಹೀರಾತು ನಿನ್ನೆಯೂ ಇತ್ತು, ಬೆಲೆ 5 ಲಕ್ಷ ಇಳಿದಿದೆ. ಮೊದಲು ಅದನ್ನು ತೆಗೆಯಿರಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ರಸೀದಿಯ ಎರಡೂ ಬದಿಯ ಝೆರಾಕ್ಸ್, ಜಾಹೀರಾತಿನ ಪ್ರಿಂಟ್, ಒಡ್ಡಿನ ಮೇಲೆ ನೀರು ನಿಂತ ಫೋಟೊ