ಹ್ಯಾಂಡ್‌ವಾಷ್ ಕ್ಯಾನು ಮತ್ತು ನಮ್ಮ ಜೊಂಡಿನ ತೊಟ್ಟಿ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ನೀವು ತಂದುಕೊಟ್ಟ ನ್ಯಾನೋ ಬೆಳ್ಳಿಯ (ರೋಗಾಣು ಕೊಲ್ಲಲೆಂದು ಬೆಳ್ಳಿಯ ಅತಿ ಸಣ್ಣ ಕಣ ಬೆರೆಸಿದ) ಹ್ಯಾಂಡ್‌ವಾಷ್ ಕ್ಯಾನುಗಳನ್ನು ಬಳಸದೆ ಎತ್ತಿಟ್ಟಿದ್ದಕ್ಕೆ ಹಲವರಿಗೆ ಬೇಸರವಾಗಿದೆ. ಕೈ ತೊಳೆದ ನೀರನ್ನು ತಿಳಿ ಮಾಡುವ ನಮ್ಮ ಜೊಂಡಿನ ತೊಟ್ಟಿಗೆ ಅದರಿಂದ ಹಾನಿ ಎಂದು ಹಾಗೆ ಮಾಡಿದೆ. ಹೋದ ಸಭೆಯಲ್ಲಿ ಒಬ್ಬ ತಾಯಿ ನೇರವಾಗಿಯೇ ಕೇಳಿದರು: "ಮಕ್ಕಳ ಕೈಗಿಂತ ನಿಮಗೆ ಆ ಜೊಂಡೇ ಹೆಚ್ಚಾಯ್ತಾ ಸರ್?" ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮಕ್ಕಳ ಕೈಯೇ ಹೆಚ್ಚು. ವಾಂತಿಭೇದಿ ಹಬ್ಬಿದ ವಾರ ನೀವು ಕೂಲಿ ದುಡ್ಡಿನಲ್ಲಿ ಉಳಿಸಿ ಕೂಡಿಸಿದ್ದು ನನಗೆ ಗೊತ್ತು. ಬಿಸಿಯೂಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು ಹಚ್ಚಿ ತೊಳೆಯಬೇಕೆಂಬ ನಿಯಮ ಹಾಗೇ ಇದೆ. ಆದರೆ ಸಾದಾ ಸೋಪು ಸಾಕು. ಅದು ಜಿಡ್ಡಿನ ಸಮೇತ ರೋಗಾಣುಗಳನ್ನು ಕೈಯಿಂದ ಬಿಡಿಸಿ ನೀರಿನಲ್ಲಿ ಕಳಿಸುತ್ತದೆ. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಟ್ರೈಕ್ಲೋಸಾನ್ ಸೇರಿ ರೋಗಾಣು ಕೊಲ್ಲಲೆಂದು ಬೆರೆಸುವ 19 ರಾಸಾಯನಿಕಗಳನ್ನು ಜನಬಳಕೆಯ ಕೈಸೋಪುಗಳಿಂದ ತೆಗೆಸಿತು. ಅವು ಸಾದಾ ಸೋಪಿಗಿಂತ ಮೇಲು ಎಂದು ಕಂಪನಿಗಳು ತೋರಿಸಿಕೊಡಲಿಲ್ಲ. ಆ ಪಟ್ಟಿಯಲ್ಲಿ ಬೆಳ್ಳಿ ಇರಲಿಲ್ಲ, ನಿಜ. ಸಾದಾ ಸೋಪಿನ ಮಾತು ಮಾತ್ರ ನಮಗೂ ಸಲ್ಲುತ್ತದೆ.

ಇನ್ನು ತೊಟ್ಟಿ. ಕೈ, ತಟ್ಟೆ ತೊಳೆದ ನೀರು ಜಲ್ಲಿ ತುಂಬಿದ ಈ ತೊಟ್ಟಿಯಲ್ಲಿ, ಜೊಂಡಿನ ಬೇರುಗಳ ನಡುವೆ ನಿಧಾನವಾಗಿ ಹರಿದು ನುಗ್ಗೆ, ಕರಿಬೇವಿಗೆ ಹೋಗುತ್ತದೆ. ತುಂಗಭದ್ರಾ ಡ್ಯಾಮ್ ಮಗ್ಗುಲಲ್ಲೇ ಇದ್ದರೂ ಕೊಪ್ಪಳದ ಬೇಸಿಗೆ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ. ನೀರು ತಿಳಿಯಾಗುವುದು ಜೊಂಡೊಂದರಿಂದಲೇ ಅಲ್ಲ. ಜಲ್ಲಿಗೂ ಬೇರಿಗೂ ಲೋಳೆಯ ಹಾಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ.

ನ್ಯಾನೋ ಕಣ ಅಂದರೆ 1ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು 100 ನ್ಯಾನೋಮೀಟರ್. ಅಷ್ಟು ಸಣ್ಣ ಕಣದಿಂದ ಬಿಡುವ ಬೆಳ್ಳಿಗೆ ಕೈಮೇಲಿನ ಬ್ಯಾಕ್ಟೀರಿಯಾ ಯಾವುದು, ತೊಟ್ಟಿಯದು ಯಾವುದು ಎಂದು ಗೊತ್ತಾಗುವುದಿಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಂತೂ ಬೆಳ್ಳಿಗೆ ಬೇಗ ಸೋಲುತ್ತವೆ. ಬೆಳ್ಳಿ ಕೊಳೆತು ಹೋಗುವ ವಸ್ತುವೂ ಅಲ್ಲ. ಬಹುಪಾಲು ಜಲ್ಲಿಯಲ್ಲೇ ಉಳಿದು ದಿನ ದಿನ ಕೂಡುತ್ತಾ ಹೋಗುತ್ತದೆ.

"ನೀರಿನಲ್ಲಿ ಕೊಳೆ ಇದ್ದರೆ ಬೆಳ್ಳಿಯ ವಿಷ ಇಳಿಯುತ್ತದಲ್ವಾ?" ಎಂದು ಒಬ್ಬ ತಂದೆ ಕೇಳಿದರು. ಓದಿಕೊಂಡು ಬಂದಿದ್ದರು, ನನಗೆ ಬಹಳ ಸಂತೋಷವಾಯಿತು. ಮಾತು ಅರ್ಧ ಸರಿ. ಕೊಳೆತ ಎಲೆ, ಬೇರಿನಿಂದ ಬರುವ ಹ್ಯೂಮಿಕ್ ಅಂಶ ಕಣಕ್ಕೆ ಹೊದಿಕೆಯಾಗುತ್ತದೆ. ಗಂಧಕ ಕೂಡಿದರೆ ಬೆಳ್ಳಿ ಸಲ್ಫೈಡ್ ಆಗಿ ಅದರ ಚುರುಕು ಕಡಿಮೆಯಾಗುತ್ತದೆ. ಆದರೆ ಅದೇ ಹೊದಿಕೆ ಕಣಗಳನ್ನು ಒಂದಕ್ಕೊಂದು ಅಂಟಿ ತಳಕ್ಕೆ ಕೂರದಂತೆಯೂ ಮಾಡಬಲ್ಲದು. ಆಗ ಅವು ನೀರಿನ ಜೊತೆ ಕರಿಬೇವಿನ ಬುಡದವರೆಗೂ ಹೋಗಬಹುದು.

ಕೊಳೆ ಜಾಸ್ತಿಯಾದರೂ ಕಷ್ಟವೇ. ಜಲ್ಲಿಯ ಸಂದು ಕಟ್ಟುತ್ತದೆ, ಆಮ್ಲಜನಕ ಮುಗಿಯುತ್ತದೆ, ನಾರುತ್ತದೆ. ನೀವು ದೂರು ಕೊಟ್ಟ ವಾಸನೆ ಅದೇ. ಜಲ್ಲಿ ತೋಡಿದಾಗ ಸಿಕ್ಕಿದ್ದು ಅನ್ನದ ಅಗುಳು, ಸಾರಿನ ಜಿಡ್ಡು. ತಟ್ಟೆ ತೊಳೆಯುವಲ್ಲಿ ನಾವು ನಿಗಾ ಇಡಲಿಲ್ಲ, ಅದು ನಮ್ಮ ತಪ್ಪು. ಈಗ ನಲ್ಲಿಯ ಪಕ್ಕ ಮುಸುರೆ ಬಕೆಟ್ಟು ಇಟ್ಟಿದ್ದೇವೆ. ಅದು ಸಂಜೆ ಎಮ್ಮೆಗಳಿಗೆ ಹೋಗುತ್ತದೆ.

ಮತ್ತೊಮ್ಮೆ ಹೇಳುತ್ತೇನೆ, ಮಕ್ಕಳ ಕೈ ತೊಳೆಸುವುದನ್ನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ನ್ಯಾನೋ ಬೆಳ್ಳಿ ಮಾತ್ರ ಬೇಡ. ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡಲಾರೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ದುಡ್ಡೂ ಹಾಳಾಗುವುದಿಲ್ಲ: ಕ್ಯಾನುಗಳನ್ನು ಹಿಂದಕ್ಕೆ ಪಡೆದು ಅಷ್ಟೇ ಬೆಲೆಯ ಸೋಪು ಕೊಡಲು ಅಂಗಡಿಯವರು ಒಪ್ಪಿದ್ದಾರೆ.

ಒಪ್ಪಿಗೆ ಚೀಟಿಗೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಿ.

ಶನಿವಾರ ಶಾಲೆ ಬಿಟ್ಟ ಮೇಲೆ ಜಲ್ಲಿ ತೊಳೆಯುತ್ತೇವೆ. ಬಿಡುವಿದ್ದವರು ಬಂದು ನೋಡಿ.

ನಿಮ್ಮ,
ಮುಖ್ಯ ಶಿಕ್ಷಕರು