ದೋಸ್ತ, ಭಾನುವಾರ ನಾನು ಮನೆಯಲ್ಲೇ ಇದ್ದೆ

ದೋಸ್ತ,

ಫೋನಿನಲ್ಲಿ ಹೇಳುವ ಧೈರ್ಯ ಇಲ್ಲ, ಅದಕ್ಕೆ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದುತ್ತಾರೆ ಅಂದರೆ ಬೈಯುವಾಗ ಸ್ವಲ್ಪ ಬಾಯಿ ಹಿಡಿಯುತ್ತೀಯ, ಅಲ್ವಾ? ಇಟ್ಟಂಗಿ ಮಾಸ್ತರ ಆಣೆ ನಿನ್ನ ಮೇಲಿದೆ.

ಮೊನ್ನೆ ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ 'ಈಡಿಪಸ್' ನೋಡಿದೆ, ಸೊಫೋಕ್ಲಿಸ್ ಬರೆದ ಹಳೇ ಗ್ರೀಕ್ ನಾಟಕ. ಲಂಕೇಶರು ಕನ್ನಡಕ್ಕೆ ತಂದದ್ದು. ಬಿಎ ಓದುವಾಗ 'ವಿಧಿಯ ನಾಟಕ' ಅಂತ ಬಾಯಿಪಾಠ ಮಾಡಿದ್ದೆವಲ್ಲ, ಐದು ಮಾರ್ಕಿಗೆ ಅಷ್ಟು ಸಾಕಿತ್ತು. ಈ ಸಲ ನೋಡಿದರೆ ಎಲ್ಲರನ್ನೂ ಓಡಿಸುತ್ತಿದ್ದುದು ಅಂಜಿಕೆ. ಮಗ ಕೊಲ್ಲುತ್ತಾನೆ ಅನ್ನುವ ದೈವವಾಣಿಗೆ ಅಂಜಿ ರಾಜ ಲಾಯಸ್ ಹಸುಗೂಸಿನ ಕಾಲು ಚುಚ್ಚಿ ಕಟ್ಟಿ ಗುಡ್ಡಕ್ಕೆ ಕಳಿಸುತ್ತಾನೆ. ಅದೇ ಮಗ ಈಡಿಪಸ್ ಕೊರಿಂಥಿನ ರಾಜನ ಮನೆಯಲ್ಲಿ ಬೆಳೆದು, ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾಗಿಬಿಟ್ಟೇನು ಅಂತ ಅಂಜಿ ಕೊರಿಂಥ್ ಬಿಡುತ್ತಾನೆ. ಬಿಟ್ಟದ್ದಕ್ಕೇ ಮೂರು ದಾರಿ ಕೂಡುವಲ್ಲಿ ಹೆತ್ತಪ್ಪ ಎದುರಾಗಿ, ಗುರುತಿಲ್ಲದೆ ಇವನ ಕೈಯಲ್ಲೇ ಸಾಯುತ್ತಾನೆ. ಆ ಹೊಡೆದಾಟದಲ್ಲಿ ಉಳಿದು ಬಂದ ಒಬ್ಬ ಆಳು, ಆಮೇಲೆ ಲಾಯಸ್‌ನ ಸಿಂಹಾಸನದ ಮೇಲೆ ಈಡಿಪಸ್‌ನನ್ನು ಕಂಡು ರಾಣಿ ಜೊಕಾಸ್ತಳ ಕೈ ಹಿಡಿದು ಬೇಡುತ್ತಾನೆ: ಊರು ಕಣ್ಣಿಗೆ ಬೀಳದಷ್ಟು ದೂರ ಕುರಿ ಕಾಯಲು ಕಳಿಸಿ.

ಕೊರಿಂಥಿನಿಂದ ಬರುವ ಮುದುಕ ಮಾತ್ರ ಪಾಪ. ಏನಾದರೂ ಇನಾಮು ಸಿಕ್ಕೀತು ಅಂತ ಸುದ್ದಿ ತಂದವನು. ನಿಮ್ಮಪ್ಪ ಪಾಲಿಬಸ್ ತೀರಿಕೊಂಡ ಅನ್ನುತ್ತಾನೆ. ಈಡಿಪಸ್‌ಗೆ ಅರ್ಧ ನಿರಾಳ. ತಾಯಿಯ ಅಂಜಿಕೆ ಇನ್ನೂ ಉಳಿದಿದೆ. ಅದನ್ನೂ ಕಳೆಯೋಣ ಅಂತ ಮುದುಕ, ಅವರು ನಿನ್ನ ಹೆತ್ತವರೇ ಅಲ್ಲ ಅಂದುಬಿಡುತ್ತಾನೆ. ಅರಿಸ್ಟಾಟಲ್ ನಾಟಕದ ತಿರುವಿಗೆ ಉದಾಹರಣೆ ಕೊಟ್ಟದ್ದು ಇದನ್ನೇ. ಕೈ ಹಿಡಿದ ಗಂಡನೇ ತನ್ನ ಮಗ ಅಂತ ಜೊಕಾಸ್ತಳಿಗೆ ನಿಂತಲ್ಲೇ ಗೊತ್ತಾಗುತ್ತದೆ. ಪಾತ್ರ ಮಾಡಿದ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುವುದು ನಿಂತಿತು. ನನ್ನ ಪಕ್ಕದವರು ಶೇಂಗಾ ಸುಲಿಯುವುದೂ ನಿಂತಿತು.

ನನಗೆ ಭಾನುವಾರ ನೆನಪಾಯಿತು.

ನಮ್ಮಪ್ಪ ದೋಸ್ತನಿಗೆ ಜಾಮೀನು ನಿಂತು ಗಂಜ್ ಮಾರುಕಟ್ಟೆಯ ಅಡತಿ ಅಂಗಡಿ ಕಳೆದುಕೊಂಡದ್ದು ನಿನಗೆ ಗೊತ್ತು. ಇದು ಗೊತ್ತಿಲ್ಲ: ವಸೂಲಿಯವರು ಬಂದರೆ ಅಪ್ಪ ಬಾಗಿಲ ಹಿಂದೆ ನಿಲ್ಲುತ್ತಿದ್ದರು. "ಅಪ್ಪ ಮನ್ಯಾಗಿಲ್ರಿ" ಅನ್ನುವುದು ನನ್ನ ಕೆಲಸ. ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಕಾಲ್ಬೆರಳು ಕಾಣುತ್ತಿದ್ದವು. ಕಾಣದಂತೆ ನಾನು ಅಡ್ಡ ನಿಲ್ಲುತ್ತಿದ್ದೆ. ಹಾಗಾಗಬಾರದು ಅಂತಲೇ ಇವತ್ತಿನವರೆಗೂ ಯಾರ ಕಾಗದಕ್ಕೂ ಸಹಿ ಹಾಕಿಲ್ಲ.

ನೀನು ಮನೆ ಸಾಲಕ್ಕೆ ಓಡಾಡುತ್ತಿದ್ದೀಯ ಅಂತ ಕಿವಿಗೆ ಬಿದ್ದಿತ್ತು. ಭಾನುವಾರ ಫೋನಿನಲ್ಲಿ ನಿನ್ನ ಹೆಸರು ಕಂಡಿತು. ಮಗಳ ಕೈಗೆ ಕೊಟ್ಟು, "ಪಪ್ಪಾ ಹೊರಗ ಹೋಗ್ಯಾರ ಅನ್ನು" ಅಂದೆ. ಅಂದಳು. ಒಂದು ಚೂರೂ ತಡವರಿಸಲಿಲ್ಲ.

ಆಮೇಲೆ ನಿನ್ನ ಮೆಸೇಜು: "ಉದ್ಯಾನ್‌ಗೆ ಟಿಕೆಟ್ ಆಗ್ಯಾದ. ಸ್ಟೇಷನ್ನಿಗೆ ಗಾಡಿ ತಗೊಂಡ್ ಬಾ."

ಅಷ್ಟೇ.

ಸರಿ, ಜಾಸ್ತಿ ಆಯಿತು. ಸುಮ್ನೆ ನಾಟಕದ ಬಗ್ಗೆ ನಾಲ್ಕು ಸಾಲು ಬರೆದು ಜಾಣ ಅನ್ನಿಸಿಕೊಳ್ಳೋಣ ಅಂತ ಕೂತವನು ನಾನು. ಗಾಡಿ ತರುತ್ತೇನೆ. ಅದೇ ಹಳೇ ಸ್ಕೂಟರ್, ಕಿಕ್ ಹೊಡೆಯುವುದು ನೀನೇ. ಸುಸಲಾ, ಮಿರ್ಚಿ ನನ್ನ ಲೆಕ್ಕ. ಚೀಲದಲ್ಲಿ ಕಾಗದ ಗೀಗದ ಇದ್ದರೆ ಮಿರ್ಚಿ ತಿಂದ ಮೇಲೆ ತೆಗೆ ಮಾರಾಯ. ಕೈಗೆಲ್ಲ ಎಣ್ಣೆ, ಪೆನ್ನು ನಿಲ್ಲುತ್ತಿಲ್ಲ ಅನ್ನಲು ನನಗೊಂದು ನೆಪವಾದರೂ ಬೇಡವಾ?