ಮನೆಯಲ್ಲಿ ಓಡಿದ್ದು ತೋಟದಲ್ಲಿ ಯಾಕೆ ನಿಂತಿತು

ಮಾಲೂರು
ಭಾನುವಾರ ಸಂಜೆ

ಚಿರಂಜೀವಿ ಮಧುಗೆ ದೊಡ್ಡಮ್ಮನ ಆಶೀರ್ವಾದ.

ತೋಟದ ಬೋರ್‌ವೆಲ್ ಮೋಟಾರು ಓಡಿಸೋಕೆ ನೀನು ಕಟ್ಟಿದ ಸರ್ಕ್ಯೂಟಿನ ಬಗ್ಗೆ ನಿನ್ನ ಮೆಸೇಜು, ಫೋಟೋ ಎರಡೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಮೀಟರ್ ಪಕ್ಕದಲ್ಲಿ ಇಟ್ಟುಕೊಂಡು ಓದು.

ಬೈಯೋದನ್ನು ಮೊದಲು ಮುಗಿಸಿಬಿಡುತ್ತೇನೆ. ಎರಡು ಇಎಸ್‌ಪಿ32 ಬೋರ್ಡು (ಆ ವೈಫೈ ಇರುವ ಪುಟ್ಟ ಕಂಪ್ಯೂಟರ್), ಬೋರ್ಡು ಹೇಳಿದಾಗ ಮೋಟಾರಿನ ಸ್ವಿಚ್ಚು ಎಳೆಯುವ ಒಂದು ರಿಲೇ, ವೋಲ್ಟೇಜನ್ನು 5ಕ್ಕೆ ಇಳಿಸಿ ಕೊಡುವ ಒಂದು 7805. ಒಂದೇ ವಾರದಲ್ಲಿ ಇಷ್ಟು ಬದಲಾಯಿಸಿದ್ದೀಯ. ಇದರಲ್ಲಿ ಒಂದನ್ನಾದರೂ ಅಳೆದು, ಕೆಟ್ಟಿದೆ ಅಂತ ಗೊತ್ತಾದ ಮೇಲೆ ಕಿತ್ತೆಯಾ? ಇಲ್ಲ. ಹಳೇ 7805 ಬಿಸಾಡಿಲ್ಲ ತಾನೆ? ಅದು ಚೆನ್ನಾಗೇ ಇರುತ್ತೆ, ಎತ್ತಿಡು.

ನಿನ್ನ ಮೆಸೇಜಿನಲ್ಲಿ ಮೂರು ಪುಟದಷ್ಟು ಪ್ರೋಗ್ರಾಮಿನ ವಿಷಯ ಇದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು. "ಕೋಲಾರದ ರೂಮಿನಲ್ಲಿ ಎರಡು ದಿನ ಚೆನ್ನಾಗಿ ಓಡಿತು, ತೋಟದಲ್ಲಿ ರಿಲೇ ಎಳೆದ ತಕ್ಷಣ ರೀಸೆಟ್ ಆಗುತ್ತೆ, ಅಲ್ಲಿ ವೋಲ್ಟೇಜೂ 170 ಅಷ್ಟೇ ಇದೆ." ಕಣೋ, ರೋಗ ಇರುವುದೇ ಆ ಸಾಲಿನಲ್ಲಿ. ಬೋರ್ಡು ಅದೇ, ಪ್ರೋಗ್ರಾಮು ಅದೇ. ಬದಲಾಗಿದ್ದು ಜಾಗ ಮತ್ತು ಕರೆಂಟು.

ಲೆಕ್ಕ ಹಾಕೋಣ ಬಾ. ನೀನು ಹಾಕಿರುವುದು 9 ವೋಲ್ಟಿನ ಟ್ರಾನ್ಸ್‌ಫಾರ್ಮರ್. ಎಸಿಯನ್ನು ಡಿಸಿ ಮಾಡೋಕೆ ನಾಲ್ಕು 1ಎನ್4007 ಡಯೋಡು, 1000 ಮೈಕ್ರೋಫ್ಯಾರಡ್ ಕಂಡೆನ್ಸರ್ (ನೀವೆಲ್ಲ ಕೆಪಾಸಿಟರ್ ಅಂತೀರಿ), ಆಮೇಲೆ 7805. ಮನೆಯಲ್ಲಿ 230 ವೋಲ್ಟ್ ಇದ್ದಾಗ ಟ್ರಾನ್ಸ್‌ಫಾರ್ಮರಿನಿಂದ 9 ವೋಲ್ಟ್ ಎಸಿ ಬರುತ್ತದೆ. ಎಸಿ ಅಲೆಯ ಹಾಗೆ ಏರಿಳಿಯುತ್ತದೆ, ಆ ಅಲೆಯ ತುದಿ 1.414 ಪಟ್ಟು, ಅಂದರೆ 12.7. ಎರಡು ಡಯೋಡು ದಾಟುವಾಗ 1.4 ಹೋಯಿತು. ಕಂಡೆನ್ಸರ್ ತುಂಬುವುದು 11.3ರ ತನಕ.

ಆದರೆ ಅದು ತುಂಬಿಕೊಂಡೇ ಇರಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ. ಆ ನಾಲ್ಕು ಡಯೋಡಿನ ಬ್ರಿಡ್ಜ್ ದಾಟಿದ ಮೇಲೆ 100 ತುದಿಗಳು. ಒಂದು ತುದಿಯಿಂದ ಇನ್ನೊಂದಕ್ಕೆ 10 ಮಿಲಿಸೆಕೆಂಡು. ಆ ಹೊತ್ತಿನಲ್ಲಿ ಸರ್ಕ್ಯೂಟಿಗೆ ಅನ್ನ ಹಾಕುವುದು ಕಂಡೆನ್ಸರ್ ಒಂದೇ. ವೈಫೈ ಜೋರಾಗಿ ಕೆಲಸ ಮಾಡುವಾಗ ನಿನ್ನ ಬೋರ್ಡು 300 ಮಿಲಿಆಂಪ್ ದಾಟುತ್ತದೆ. ರಿಲೇ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಇನ್ನೊಂದು 70 ತಿನ್ನುತ್ತದೆ. ಒಟ್ಟು 400 ಅಂತ ಇಟ್ಟುಕೋ. 0.4 ಆಂಪನ್ನು 0.01 ಸೆಕೆಂಡಿನಿಂದ ಗುಣಿಸಿ 0.001 ಫ್ಯಾರಡ್‌ನಿಂದ ಭಾಗಿಸು. 4 ವೋಲ್ಟ್. ಅಂದರೆ 11.3ಕ್ಕೆ ತುಂಬಿದ್ದು ಪ್ರತಿ ಸಲ 7.3ಕ್ಕೆ ಇಳಿದು ಮತ್ತೆ ಹತ್ತುತ್ತಿದೆ. 7805 ಸರಿಯಾಗಿ 5 ವೋಲ್ಟ್ ಕೊಡಬೇಕಾದರೆ ಅದರ ಬಾಯಿಗೆ ಸುಮಾರು 7 ವೋಲ್ಟ್ ಬೇಕೇ ಬೇಕು. ನಿನ್ನ ರೂಮಿನಲ್ಲಿ ಅದು ಹೊಸ್ತಿಲ ಮೇಲೆ ನಿಂತು ಬದುಕಿತ್ತು ಅಷ್ಟೇ.

ಈಗ ತೋಟಕ್ಕೆ ಹೋಗೋಣ. 170 ವೋಲ್ಟಿನಲ್ಲಿ ನಿನ್ನ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡುವುದು 6.65. ತುದಿ 9.4, ಡಯೋಡು ಕಳೆದರೆ 8. ಬೋರ್ಡು ಸುಮ್ಮನೆ ಕೂತಿದ್ದಾಗ 80 ಮಿಲಿಆಂಪ್ ಎಳೆದರೆ 7.2ರ ತನಕ ಮಾತ್ರ ಇಳಿಯುತ್ತದೆ, ಓಡುತ್ತದೆ. ರಿಲೇ ಎಳೆದು ವೈಫೈನೂ ಶುರುವಾದರೆ ಲೆಕ್ಕದ ಪ್ರಕಾರ 4ಕ್ಕೆ ಬೀಳುತ್ತದೆ. ಹೊರಗೆ 5 ಬರುವುದು ಎಲ್ಲಿಂದ? ಅದೂ ಸಾಲದು ಅಂತ ರಿಲೇ ಎಳೆದ ಗಳಿಗೆಯಲ್ಲೇ ಬೋರ್‌ವೆಲ್ ಮೋಟಾರು ಎದ್ದೇಳುತ್ತದೆ. ಮೋಟಾರು ಏಳುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಆ ಒಂದೆರಡು ಸೆಕೆಂಡು 170 ಕೂಡ ಇರಲ್ಲ. ಬೋರ್ಡು ಸತ್ತಿತು, ರಿಲೇ ಬಿಟ್ಟಿತು, ಮೋಟಾರು ನಿಂತಿತು, ವೋಲ್ಟೇಜ್ ಏರಿತು, ಬೋರ್ಡು ಎದ್ದಿತು, ಮತ್ತೆ ರಿಲೇ ಎಳೆಯಿತು. ಸ್ಟಾರ್ಟರಿನಲ್ಲಿ ಟಕ್ ಟಕ್ ಟಕ್ ಅಂತ ಸದ್ದು ಬಂತು ಅಂತ ನಿಮ್ಮಪ್ಪ ಹೇಳಿದರಲ್ಲ, ಇದೇ ಅದು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮೋಟಾರ್ ವೈಂಡಿಂಗ್ ಸುಟ್ಟು, ಟೊಮೆಟೊ ಬೆಲೆ ಬಿದ್ದಿದ್ದಕ್ಕಿಂತ ಜಾಸ್ತಿ ಬೈಗುಳ ನಿನಗೆ ಬೀಳುತ್ತಿತ್ತು.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ತಂದ ಸೀಮೆ ನಮ್ಮದು. ಆದರೂ ತೋಟದ ಲೈನಿನಲ್ಲಿ ಎಲ್ಲರ ಪಂಪೂ ಒಟ್ಟಿಗೆ ಎದ್ದರೆ 170. ಇರಲಿ, ಅದಕ್ಕೆ ತಕ್ಕಂತೆ ಕಟ್ಟುವುದು ನಮ್ಮ ಕೆಲಸ.

ನೀನು ಕೇಳಬಹುದು, "ಮೀಟರಿನಲ್ಲಿ 5.02 ತೋರಿಸಿತಲ್ಲ ದೊಡ್ಡಮ್ಮ?" ಅಂತ. ಯಾವಾಗ ತೋರಿಸಿತು? ಬೋರ್ಡು ಬಿಚ್ಚಿಟ್ಟು ಬರೀ 7805ರ ಕಾಲು ಮುಟ್ಟಿದಾಗ. ಲೋಡ್ ಇಲ್ಲದ ಸಪ್ಲೈ ಯಾವಾಗಲೂ ಒಳ್ಳೇ ಹುಡುಗನ ಹಾಗೆ ಇರುತ್ತೆ. 10 ಓಮ್, 5 ವ್ಯಾಟಿನ ಬಿಳಿ ಪಿಂಗಾಣಿ ರೆಸಿಸ್ಟರ್ ಒಂದು ತಗೋ, ಹತ್ತಿಪ್ಪತ್ತು ರೂಪಾಯಿ ಇರಬಹುದು. ಬೋರ್ಡಿನ ಬದಲು ಅದನ್ನು 5 ವೋಲ್ಟಿಗೆ ಹಾಕು. ಅರ್ಧ ಆಂಪ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೈ ಇಡಬೇಡ. 7805ಕ್ಕೂ ಬಿಸಿ ಹೊರಗೆ ಬಿಡುವ ಲೋಹದ ತುಂಡು, ಹೀಟ್‌ಸಿಂಕ್, ಇರಲಿ. ಆಗ ಕಂಡೆನ್ಸರ್ ಮೇಲೆ ಡಿಸಿ ಅಳೆ, ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಅದೇ ಜಾಗದಲ್ಲಿ ಅಳೆ. ಡಿಸಿಯಲ್ಲಿ ಮೀಟರ್ ಸರಾಸರಿಯನ್ನಷ್ಟೇ ತೋರಿಸುತ್ತದೆ, ಕೆಳಗೆ ಇಳಿಯುವ ಹಳ್ಳ ಕಾಣಿಸಲ್ಲ. ಎಸಿಯಲ್ಲಿ 1 ವೋಲ್ಟಿನ ಮೇಲೆ ಬಂತು ಅಂದರೆ ಹಳ್ಳ ಆಳವಾಗಿದೆ ಅಂತಲೇ ಅರ್ಥ. ಒಂದು ವಿಷಯ, ಕೆಲವು ಅಗ್ಗದ ಮೀಟರುಗಳು ಡಿಸಿಯನ್ನೂ ಎಸಿ ಅಂತ ತೋರಿಸಿಬಿಡುತ್ತವೆ. ಮೊದಲು ಒಂದು 9 ವೋಲ್ಟ್ ಬ್ಯಾಟರಿಯನ್ನು ಎಸಿ ರೇಂಜಿನಲ್ಲಿ ಅಳೆ. ವಯರು ತಿರುಗಿಸಿಯೂ ಅಳೆ. ಎರಡೂ ಸಲ ಸೊನ್ನೆ ಬಂದರೆ ಆ ಮೀಟರನ್ನು ನಂಬು.

ಮೀಟರನ್ನು ನಂಬುವ ವಿಷಯ ಬಂದಿದ್ದಕ್ಕೆ ನನ್ನ ಕಥೆ ಕೇಳು. ನಾನು ಬೆಳಗ್ಗೆ ಮಾಲೂರಲ್ಲಿ ಟ್ರೈನು ಹತ್ತಿ ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದ ಕಾಲ. ಟೆಸ್ಟಿಂಗ್ ಟೇಬಲ್ಲು ನನ್ನದು. ಒಂದು ದಿನ ಬಂದ ಬೋರ್ಡಿಗೆಲ್ಲ ವೋಲ್ಟೇಜ್ ಜಾಸ್ತಿ. ಒಂದಾದ ಮೇಲೊಂದು ಕೆಂಪು ಚೀಟಿ ಅಂಟಿಸಿದೆ. ಊಟದ ಹೊತ್ತಿಗೆ ನನ್ನ ಪಕ್ಕ ಬೋರ್ಡುಗಳ ಗುಡ್ಡೆ. ಸೋಲ್ಡರಿಂಗ್ ಸಾಲಿನ ಹುಡುಗಿಯರಿಗೆ ಸೂಪರ್‌ವೈಸರ್ ಹತ್ತಿರ ಚೆನ್ನಾಗಿ ಬೈಗುಳ. ಮಧ್ಯಾಹ್ನ ಪಕ್ಕದ ಟೇಬಲ್ಲಿನವಳ ಮೀಟರು ತಂದು ಇಟ್ಟರೆ ಎಲ್ಲ ಸರಿಯಾಗಿದೆ! ನನ್ನ ಮೀಟರಿನ ಮೂಲೆಯಲ್ಲಿ ಸಣ್ಣ ಬ್ಯಾಟರಿ ಗುರುತು ಬೆಳಗ್ಗೆಯಿಂದ ಕಾಣುತ್ತಿತ್ತು. ಬ್ಯಾಟರಿ ಇಳಿದರೆ ಡಿಜಿಟಲ್ ಮೀಟರು ಕಮ್ಮಿ ತೋರಿಸಲ್ಲ, ಜಾಸ್ತಿ ತೋರಿಸುತ್ತದೆ. ಆ ಹುಡುಗಿಯರು ಒಂದು ವಾರ ನನ್ನ ಜೊತೆ ಡಬ್ಬಿ ಹಂಚಿಕೊಳ್ಳಲಿಲ್ಲ. ನಿನ್ನ ಮೀಟರಿನ ಬ್ಯಾಟರಿ ಯಾವಾಗ ಹಾಕಿದ್ದು?

ಈಗ ರಿಪೇರಿ. 12 ವೋಲ್ಟಿನ, 1 ಆಂಪಿನ ಟ್ರಾನ್ಸ್‌ಫಾರ್ಮರ್ ಹಾಕು. ಕಂಡೆನ್ಸರ್ 2200 ಮೈಕ್ರೋಫ್ಯಾರಡ್, 35 ವೋಲ್ಟಿನದು. ಆಗ 170ರಲ್ಲೂ 11.1 ತುಂಬಿ 9.3ಕ್ಕೆ ಮಾತ್ರ ಇಳಿಯುತ್ತದೆ. 25 ವೋಲ್ಟಿನದು ಸಾಲದಾ ಅಂತ ಕೇಳಬೇಡ. ರಾತ್ರಿ ಪಂಪುಗಳೆಲ್ಲ ನಿಂತು ಲೈನು 250ಕ್ಕೆ ಏರಿದಾಗ, ಲೋಡ್ ಇಲ್ಲದ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಮೇಲೇ ಕೊಡುತ್ತದೆ. ವೋಲ್ಟೇಜ್ ಜಾಸ್ತಿಯಾದಷ್ಟೂ 7805 ಬಿಸಿಯಾಗುತ್ತದೆ, ಹೀಟ್‌ಸಿಂಕ್ ದೊಡ್ಡದೇ ಹಾಕು. ನಿಜ ಹೇಳಬೇಕಂದರೆ, ಇಷ್ಟೆಲ್ಲ ಬೇಡ ಅನಿಸಿದರೆ 100ರಿಂದ 240 ವೋಲ್ಟ್ ಅಂತ ಬರೆದಿರುವ ಒಳ್ಳೇ 5 ವೋಲ್ಟ್, 2 ಆಂಪ್ ಅಡಾಪ್ಟರ್ ಹಾಕಿದರೂ ಆಯಿತು. ನಾನಾದರೆ ತೋಟಕ್ಕೆ ಅದನ್ನೇ ಹಾಕುತ್ತೇನೆ. ಟ್ರಾನ್ಸ್‌ಫಾರ್ಮರಿನದು ಕಲಿಯೋದಕ್ಕೆ ಟೇಬಲ್ ಮೇಲಿರಲಿ. ಆದರೆ ಆ ಅಡಾಪ್ಟರಿನ ಡಬ್ಬಿ ಮಾತ್ರ ಬಿಚ್ಚಬೇಡ. ಒಳಗಿನ ಕಂಡೆನ್ಸರಿನಲ್ಲಿ 325 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡು ಇದೆಯಾ ನೋಡು, ಪಟ್ಟಿ ಇರುವ ಕಡೆ ಪ್ಲಸ್ಸಿಗೆ. ನಿನ್ನ ಫೋಟೋದಲ್ಲಿ ಕಾಣಲಿಲ್ಲ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಬದಲಾವಣೆ ಮಾಡು. ಬೋರ್ಡು ಎದ್ದ ಮೇಲೆ ಐದು ನಿಮಿಷ ಕಾದು ಆಮೇಲೆ ರಿಲೇ ಎಳೆಯಲಿ. ಟಕ್ ಟಕ್ ಅಲ್ಲಿಗೆ ನಿಲ್ಲುತ್ತದೆ.

ಸ್ಟಾರ್ಟರ್ ಡಬ್ಬಿಯ ಹತ್ತಿರ ಒಬ್ಬನೇ ಹೋಗಬೇಡ ಮಗ. ಅಲ್ಲಿ ಫೇಸು ಫೇಸಿನ ಮಧ್ಯೆ 415 ವೋಲ್ಟ್. ಮೇನ್ ಆಫ್ ಮಾಡಿ ನಿಮ್ಮಪ್ಪನನ್ನು ಅದರ ಪಕ್ಕ ನಿಲ್ಲಿಸು. ಒದ್ದೆ ಕಾಲಲ್ಲಿ, ಡ್ರಿಪ್ ಪೈಪ್ ತುಳಿದುಕೊಂಡು ಬಂದು ಹಾಗೇ ವಯರು ಮುಟ್ಟೋದು ನಿನಗೆ ಅಭ್ಯಾಸ ಅಂತ ನಿಮ್ಮಮ್ಮ ಹೇಳಿದಳು. ಚಪ್ಪಲಿ ಹಾಕ್ಕೋ.

ಮುಂದಿನ ಭಾನುವಾರ ಬರುವಾಗ ಆ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಗೊಂಡು ಬಾ. ನನ್ನ ಹಳೇ ರೇಡಿಯೋಗೆ ಅದು ಸರಿಹೋಗುತ್ತೆ. ಅಮ್ಮನ ಹತ್ತಿರ ಹುಣಸೆಹಣ್ಣು ಕೊಟ್ಟು ಕಳಿಸೋಕೆ ಹೇಳು.

ನಿನ್ನ ದೊಡ್ಡಮ್ಮ